ದಿನಕ್ಕೊಂದು ಅಂಗೈಯಗಲ

"ಬ್ಲೇಡು ಕೆಳಗಿಡ್ರೀ! ಈಗಲೇ!"

ಏಣಿಯ ಕಾಲು ಹಿಡಿದು ಅವಳು ಕೂಗಿದ ರಭಸಕ್ಕೆ ಮೇಲಿದ್ದವನು ಬೀಳಬೇಕಿತ್ತು. ಬೀಳಲಿಲ್ಲ. ಗೋಡೆಗೆ ಒತ್ತಿಹಿಡಿದಿದ್ದ ಒದ್ದೆ ಹತ್ತಿಯನ್ನೂ ಬಿಡಲಿಲ್ಲ.

"ಏಣಿ ಅಲ್ಲಾಡಿಸ್ಬೇಡಿ. ಬಿದ್ರೆ ನನ್ನ ಕಾಲು ಮುರಿಯುತ್ತೆ, ಅಷ್ಟೇ. ಬ್ಲೇಡು ಜಾರಿದ್ರೆ ಗೋಡೆಗೆ ಗಾಯ ಆಗುತ್ತೆ."

"ಗಾಯ ಮಾಡ್ತಿರೋದೇ ನೀವು! ಅದು ನನ್ನ ಮರ!"

ಅವನು ಆಗ ತಿರುಗಿ ನೋಡಿದ. ಹುಬ್ಬಿನ ಮೇಲೆಲ್ಲ ಸುಣ್ಣದ ಪುಡಿ. ನಗಬಾರದ ಹೊತ್ತಿನಲ್ಲಿ ಅವಳಿಗೆ ನಗು ಬಂತು. ಕಷ್ಟಪಟ್ಟು ನುಂಗಿಕೊಂಡಳು.

ಬಾಗಿಲು ಮುಚ್ಚಿದ ನೂಲಿನ ಗಿರಣಿ ಅದು. ಅದರ ಉದ್ದದ ಪಡಸಾಲೆಯ ಗೋಡೆಯ ತುಂಬ ಮೂರು ವರ್ಷದ ಹಿಂದೆ ಅವಳು ಒಂದು ಮರ ಬರೆದಿದ್ದಳು. ಎಲೆಗಳ ಜಾಗದಲ್ಲಿ ಬೀದಿಯ ಮನೆಗಳ ಬಾಗಿಲುಗಳು. ನೀಲಿ ಬಾಗಿಲು, ಚಿಲಕ ಕಿತ್ತುಹೋದ ಬಾಗಿಲು, ಬೆಕ್ಕು ಮಲಗುವ ಹೊಸ್ತಿಲಿನ ಬಾಗಿಲು... ಎಲ್ಲವೂ ಮುಚ್ಚಿರುವ ಬಾಗಿಲುಗಳೇ. ಅವಳ ಮೊದಲ ದೊಡ್ಡ ಕೆಲಸ. ಗೋಡೆಗೆ ಸುಣ್ಣ ಹೊಡೆದು ಸಿದ್ಧಮಾಡಿಕೊಟ್ಟವನು ಅಪ್ಪ. ಅಂಗಡಿಗಳ ಬೋರ್ಡು ಬರೆದೇ ಕೂದಲು ಬೆಳ್ಳಗಾದವನು.

"ಅಯ್ಯೋ, ನಿನಗೆ ಹೇಳ್ಬೇಕು ಅಂತಿದ್ದೆ ಕಣೇ! ಅಷ್ಟರಲ್ಲಿ ಡಾಕ್ಟರು ಬಂದೇಬಿಟ್ರು!" ಎನ್ನುತ್ತ ಟೀಚರಮ್ಮ ಓಡಿಬಂದರು. ನಿವೃತ್ತರಾದ ಮೇಲೆ ಬೀದಿಯವರನ್ನೆಲ್ಲ ಸೇರಿಸಿ ಕಮಿಟಿ ಕಟ್ಟಿ, ಈ ಗಿರಣಿಯನ್ನು ಬೀದಿಯ ನೆನಪುಗಳ ಮನೆ ಮಾಡಲು ಹೊರಟಿದ್ದವರು ಅವರೇ.

"ಇವರು ಡಾಕ್ಟರಾ?"

"ಗೋಡೆ ಡಾಕ್ಟರು. ಹಳೇ ಗೋಡೆ ಚಿತ್ರಗಳನ್ನ ಉಳಿಸೋರು. ಗಿರಣಿ ನಡೀತಿದ್ದ ಕಾಲದಲ್ಲಿ ಇಲ್ಲೆಲ್ಲೋ ಒಂದು ಚಿತ್ರ ಇತ್ತಂತೆ. ಕೆಲಸದವರ ಚಿತ್ರ. ಬರೆದವರು ಯಾರು ಅಂತ ಯಾರಿಗೂ ನೆನಪಿಲ್ಲ. ನಿನ್ನ ಮರದ ಕೆಳಗೇ ಇರಬಹುದು ಅಂತಾರೆ ಇವರು."

"ಅದಕ್ಕೆ ನನ್ನ ಮರ ಕಡೀಬೇಕಾ?"

"ಕಡಿಯಲ್ಲ," ಎಂದ ಅವನು ಏಣಿ ಇಳಿಯುತ್ತ. "ದಿನಕ್ಕೆ ಒಂದು ಅಂಗೈಯಗಲ ಮಾತ್ರ ಮೇಲಿನ ಪದರ ಬಿಡಿಸ್ತೀನಿ. ಎಲ್ಲಿ ಅಂತ ನೀವೇ ಹೇಳಿ."

"ಯಾರ ಅಂಗೈ?"

"ನಿಮ್ಮದೇ."

ಅವಳು ಸಿಟ್ಟಿನಲ್ಲೇ ಒಂದು ಬಾಗಿಲಿನ ಮೇಲೆ ಕೈಯಿಟ್ಟಳು. ಅವನು ಬೆರಳುಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದ. ಒಂದು ಸಲವೂ ಮುಟ್ಟಲಿಲ್ಲ. ಆದರೂ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಕೈ ತನ್ನದಲ್ಲ ಎನ್ನಿಸುತ್ತಿತ್ತು.

*

ಮೊದಲ ಅಂಗೈಯಗಲದಲ್ಲಿ ಒಂದು ಬರಿಗಾಲು ಕಂಡಿತು. ಆರು ಬೆರಳು!

"ಬರೆದವನಿಗೆ ಎಣಿಸೋಕೆ ಬರ್ತಿರಲಿಲ್ಲ," ಎಂದಳು ಅವಳು.

ನೋಡಲು ಬಂದಿದ್ದ ಮೂಲೆಮನೆಯ ಅಜ್ಜಿ ಕನ್ನಡಕ ಏರಿಸಿ ಬಗ್ಗಿದರು. ಬಗ್ಗಿದವರು ಮೇಲೇಳಲೇ ಇಲ್ಲ.

"ನಮ್ಮ ದೊಡ್ಡಮ್ಮನ ಕಾಲು ಕಣ್ರೇ ಇದು! ಚಪ್ಪಲಿ ಹಾಕೋಕಾಗದೆ ಬರಿಗಾಲಲ್ಲೇ ಕೆಲಸಕ್ಕೆ ಬರ್ತಿದ್ಳು... ಅವಳದೊಂದು ಫೋಟೋನೂ ಇಲ್ಲ ನಮ್ಮನೇಲಿ."

ಅಜ್ಜಿ ಆ ಕಾಲನ್ನು ಸವರಿದರು. ಗೋಡೆ ಡಾಕ್ಟರು ತಡೆಯಲಿಲ್ಲ. ಅವಳು ಅದನ್ನು ಗಮನಿಸಿದಳು.

ಆ ದಿನದಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಳೆ ಏನು ಕಾಣಬಹುದು? ಎರಡನೆಯ ದಿನ ಟಿಫನ್ ಡಬ್ಬಿ ಕಂಡಿತು. ಮೂರನೆಯ ದಿನ ನೂಲಿನ ಉಂಡೆ ಹಿಡಿದ ಕೈ. ಐದನೆಯ ದಿನ ಅವನಿಗಿಂತ ಮೊದಲೇ ಬಂದು ಏಣಿಯ ಬುಡದಲ್ಲಿ ಕೂತಿದ್ದಳು.

"ಇವತ್ತು ಎರಡು ಅಂಗೈ ಬಿಡಿಸೋಣ್ವಾ?"

"ಒಪ್ಪಂದ ಅಂದ್ರೆ ಒಪ್ಪಂದ."

"ನನ್ನ ಮರ, ನಾನೇ ಹೇಳ್ತಿದ್ದೀನಲ್ಲ!"

"ನಿಮ್ಮ ಮರದ ಮೇಲೆ ನಿಮಗಿಲ್ಲದ ಕರುಣೆ ನನಗಿದೆ," ಎಂದು ನಕ್ಕ.

ಇವನು ನಗುವುದು ಅಪರೂಪ. ನಕ್ಕರೆ ಇಷ್ಟು ಚೆನ್ನಾಗಿ ಕಾಣುವವನು ಯಾಕೆ ಹೀಗೆ ಜಿಪುಣತನ ಮಾಡುತ್ತಾನೆ?

ಒಂದು ವಿಷಯ ಮಾತ್ರ ಅವಳನ್ನು ಕೊರೆಯುತ್ತಿತ್ತು. ಒದ್ದೆ ಹತ್ತಿ ಒತ್ತಿದರೆ ಸಾಕು, ಮೇಲಿನ ಪದರ ಹಾಳೆಯಂತೆ ಎದ್ದು ಬರುತ್ತಿತ್ತು. ಕೆಳಗಿನ ಬಣ್ಣಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ.

"ಇಷ್ಟು ಸಲೀಸಾಗಿ ಹೇಗೆ ಬರುತ್ತೆ?"

"ನಡುವೆ ತೆಳ್ಳಗೆ ಅಂಟು ಬಳಿದಿದ್ದಾರೆ. ಯಾರೋ ಗೊತ್ತಿದ್ದೇ ಮಾಡಿದ್ದಾರೆ."

"ಯಾರು?"

ಅವನು ಹತ್ತಿ ಹಿಂಡತೊಡಗಿದ. ಆಗಲೇ ಹಿಂಡಿದ್ದ ಹತ್ತಿಯನ್ನೇ ಮತ್ತೆ!

*

ಹನ್ನೊಂದನೆಯ ದಿನ, ಅಂದಿನ ಅಂಗೈಯಗಲ ಬಿಡಿಸಿ ಮುಗಿದ ಮೇಲೆ, ಅವಳು ಎರಡು ಲೋಟ ಟೀ ಹಿಡಿದು ಬರುತ್ತಿದ್ದಳು. ಪಡಸಾಲೆಯ ಒಳಗಿಂದ ಮಾತು ಕೇಳಿಸಿತು. ಒಂದು ದನಿ ಅವನದು. ಇನ್ನೊಂದು... ಅಪ್ಪನದು!

"ಕಮಿಟಿಯವರು ಕೇಳ್ತಿದ್ದಾರೆ. ಮನಸ್ಸು ಮಾಡಿದ್ರೆ ಇಡೀ ಮರ ಒಂದೇ ವಾರದಲ್ಲಿ ಬಿಡಿಸ್ಬಹುದು," ಎನ್ನುತ್ತಿದ್ದ ಅವನು.

"ಅವಳಿಗೆ ಮಾತ್ರ ಗೊತ್ತಾಗ್ಬಾರದಪ್ಪ," ಎಂದ ಅಪ್ಪ.

ಟೀ ಕೈಮೇಲೆ ಚೆಲ್ಲಿತು. ಸುಟ್ಟಿದ್ದು ಅವಳಿಗೆ ತಿಳಿಯಲಿಲ್ಲ. ಇಷ್ಟು ದಿನ ದಿನಕ್ಕೊಂದು ಅಂಗೈ ಎಂದು ನನ್ನನ್ನು ಆಟ ಆಡಿಸಿದನೇ? ಅಪ್ಪನೂ ಸೇರಿಕೊಂಡನೇ?

ಲೋಟಗಳನ್ನು ಹೊಸ್ತಿಲ ಮೇಲಿಟ್ಟು ಹಿಂತಿರುಗಿದಳು. ನಾಲ್ಕು ದಿನ ಆ ಕಡೆ ಸುಳಿಯಲಿಲ್ಲ. ಅವನೂ ಕರೆಯಲಿಲ್ಲ. ಕರೆಯಲಿಲ್ಲವಲ್ಲ ಎಂಬುದೇ ಹೆಚ್ಚು ಉರಿಯಿತು.

ಐದನೆಯ ದಿನ ಅಪ್ಪ ಹಳೆಯ ಕುಂಚಗಳನ್ನು ತೊಳೆಯುತ್ತ ಕೂತಿದ್ದ.

"ಊಟ ಯಾಕೆ ಬಿಟ್ಟಿದ್ದೀಯ ಪುಟ್ಟಿ?"

"ನನ್ನ ಮರ ತೆಗೆಸೋಕೆ ನೀನೂ ಒಪ್ಪಿದೆಯಲ್ಲ ಅಪ್ಪ!"

ಅಪ್ಪ ಕುಂಚ ಕೆಳಗಿಟ್ಟ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಒಪ್ಪಿಲ್ಲ. ಅದರ ಕೆಳಗಿರೋದು ನಂದು ಕಣೇ."

"ಏನು?"

"ಇಪ್ಪತ್ತೆರಡನೇ ವಯಸ್ಸಲ್ಲಿ ಬರೆದದ್ದು. ಗೇಟಿನ ಹತ್ತಿರ ನಿಂತು ಒಬ್ಬೊಬ್ಬರನ್ನೂ ನೋಡಿ ನೋಡಿ ಬರೆದೆ. ಆಮೇಲೆ ಬೋರ್ಡುಗಳೇ ಆಯ್ತು ನನ್ನ ಬಾಳು... ನೀನು ಒಂದು ಗೋಡೆ ಬೇಕು ಅಂತ ವರ್ಷವಿಡೀ ಬಾಗಿಲು ಬಾಗಿಲು ಅಲೆದೆ. ಯಾರೂ ಕೊಡಲಿಲ್ಲ. ನನ್ನ ಹತ್ರ ಒಂದಿತ್ತು. ಮುಚ್ಚಿದ ಗಿರಣಿಗೆ ಯಾರೂ ಬರ್ತಿರಲಿಲ್ಲ, ನೀನು ನೋಡೋಕೆ ಮೊದಲೇ ಸುಣ್ಣ ಹೊಡೆದು ಮುಚ್ಚಿದೆ. ಕೊಟ್ಟೆ."

"ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನು ಬರೀತಿದ್ಯಾ?"

ಅಪ್ಪ ಕೆಳಗಿಟ್ಟ ಕುಂಚವನ್ನು ಅವಳು ಎತ್ತಿಕೊಂಡು ತೊಳೆಯತೊಡಗಿದಳು.

"ಅಂಟು ಬಳಿದದ್ದು ನಿನಗೋಸ್ಕರ ಅಲ್ಲ, ಎಂದಾದ್ರೂ ನನ್ನ ಚಿತ್ರ ಕಾಣಲಿ ಅನ್ನೋ ಆಸೆಬುರುಕತನಕ್ಕೆ. ಆ ಹುಡುಗ ಅಂಟು ನೋಡಿ, ಸುಣ್ಣ ಹೊಡೆದದ್ದು ಯಾರು ಅಂತ ಕೇಳ್ಕೊಂಡು ಮೊದಲ ದಿನವೇ ಮನೆಗೆ ಬಂದ. ಹೇಳ್ಬೇಡ ಅಂದೆ. ಮಾತು ಉಳಿಸ್ಕೊಂಡ, ಅಷ್ಟೇ ಅವನ ತಪ್ಪು."

*

ಅವಳು ಮೊದಲು ಟೀಚರಮ್ಮನ ಮನೆಗೆ, ಅಲ್ಲಿಂದ ಗಿರಣಿಗೆ ಓಡುತ್ತಲೇ ಹೋದಳು. ಅವನು ಪಡಸಾಲೆಯ ನೆಲದ ಮೇಲೆ ಕೂತಿದ್ದ. ಏಣಿ ಮಡಿಸಿಟ್ಟಿತ್ತು. ಪಕ್ಕದಲ್ಲಿ ಟೀ ಲೋಟಗಳೆರಡು, ತೊಳೆದು ಬೋರಲು ಹಾಕಿದ್ದವು.

"ಗೊತ್ತಾಯ್ತಾ?" ಎಂದ.

"ಗೊತ್ತಾಯ್ತು." ಕಮಿಟಿಯ ಒಪ್ಪಿಗೆ ಪತ್ರ ಅವನ ಮುಂದೆ ಹಿಡಿದಳು. ಕೆಳಗೆ ಅವಳ ಸಹಿ, ಇನ್ನೂ ಒದ್ದೆ. "ತೆಗೆದುಬಿಡಿ ನನ್ನ ಮರಾನ. ಪೂರ್ತಿ. ಊರಿಗೆಲ್ಲ ಅಪ್ಪನ ಚಿತ್ರ ಕಾಣಲಿ."

"ಇಲ್ಲ."

"ಇಲ್ಲ ಅಂದ್ರೆ?"

"ಅಲ್ಲಿ, ಬಾಗಿಲ ಹತ್ರ ಹೋಗಿ ನಿಂತು ನೋಡಿ."

ಹೋಗಿ ತಿರುಗಿದಳು. ಇಷ್ಟು ದಿನ ಹತ್ತಿರದಿಂದಲೇ ನೋಡುತ್ತಿದ್ದುದರಿಂದ ಕಂಡಿರಲಿಲ್ಲ. ತಾನು ಸಿಟ್ಟಿನಲ್ಲಿ, ಕುತೂಹಲದಲ್ಲಿ ಕೈಯಿಟ್ಟ ಜಾಗಗಳೆಲ್ಲ ಬಾಗಿಲುಗಳೇ. ಹನ್ನೊಂದು ಬಾಗಿಲು ತೆರೆದಿದ್ದವು. ಒಂದರೊಳಗೆ ಆರು ಬೆರಳಿನ ಕಾಲು ಹೊಸ್ತಿಲು ದಾಟುತ್ತಿತ್ತು. ಒಂದರೊಳಗಿಂದ ಯಾರೋ ನೂಲಿನ ಉಂಡೆ ನೀಡುತ್ತಿದ್ದರು.

ಅಪ್ಪನ ಜನ ಅವಳ ಮನೆಗಳಲ್ಲಿ ವಾಸಿಸುತ್ತಿದ್ದರು.

ಕಣ್ಣು ಒರೆಸಿಕೊಂಡು ಬಂದು ಅವನ ಪಕ್ಕ ಕೂತಳು.

"ಉಳಿದದ್ದು ಏನಿದೆ ಅಂತ ನಿಮಗೆ ಕುತೂಹಲ ಇಲ್ವಾ?"

"ಸಾಯೋಷ್ಟಿದೆ."

"ಮತ್ತೆ?"

"ಅಪ್ಪ ಮಗಳಿಗೆ ಕೊಟ್ಟ ಗೋಡೇನ ವಾಪಸ್ ಕಿತ್ಕೊಳ್ಳೋಕೆ ನಾನ್ಯಾರು? ಗೋಡೆ ಮೇಲೆ ಎಷ್ಟು ಪ್ರೀತಿ ಇದ್ರೂ..." ಅವನು ಅವಳತ್ತ ತಿರುಗಿದ. "ಗೋಡೆ ಮೇಲೆ ಮಾತ್ರ ಅಲ್ಲ. ನಾಲ್ಕು ದಿನ ನೀವು ಬರಲಿಲ್ಲ, ನಾನು ಒಂದು ಅಂಗೈನೂ ಬಿಡಿಸ್ಲಿಲ್ಲ. ಯಾರ ಕೈ ಅಳತೆ ಇಡಲಿ?"

ಅವಳು ಮೆಲ್ಲಗೆ ಅವನ ಕೈಯನ್ನು ತೆಗೆದುಕೊಂಡು, ಅದರ ಮೇಲೆ ತನ್ನ ಅಂಗೈ ಇಟ್ಟಳು. ಅವನ ಬೆರಳುಗಳು ಒಂದು ಗೆಣ್ಣು ಹೆಚ್ಚು ಉದ್ದ. ಈ ಸಲ ಸುತ್ತ ಯಾರೂ ಗೆರೆ ಎಳೆಯಲಿಲ್ಲ.

"ನಾನೇ ಬ್ಲೇಡು ಕೈಗೆ ಕೊಟ್ರೂ ತೆಗೆಯಲ್ವಾ?"

"ಇಲ್ಲ."

"ಸಹಿ ಹಾಕಿದ್ದೀನಿ, ನೋಡು."

"ನೋಡಿದೆ. ಇಲ್ಲ."

"ನನ್ನಾಣೆ ಅಂದ್ರೆ?"

ಅವನು ಪತ್ರವನ್ನು ನಾಲ್ಕಾಗಿ ಮಡಿಸಿ ಅವಳ ಅಂಗೈಯಲ್ಲಿಟ್ಟು, ಬೆರಳು ಮುಚ್ಚಿದ.

"ತೆಗೆಯಲ್ಲ ಅಂದ್ರೆ ತೆಗೆಯಲ್ಲ."