ಫಾರ್ಮ್ಯಾಟ್ ಬೇಡ

"ಫಾರ್ಮ್ಯಾಟ್ ಅಂತ ಬಾಯಿಬಿಟ್ರೆ ಡಬ್ಬ ಎತ್ಕೊಂಡು ಹೋಗ್ತಿರ್ತೀನಿ."

ರಿಪೇರಿಯವನ ಕೈಯಿಂದ ಸ್ಕ್ರೂ ಜಾರಿ ಮೇಜಿನಡಿ ಉರುಳಿತು. ವರ್ಷದ ಮೇಲೆ ಕಂಡ ಮುಖ... ಮೊದಲ ಮಾತೇ ಇದು.

"ಕೂತ್ಕೋ ಸೂಜಿ." ಅವನೇ ಇಟ್ಟ ಅಡ್ಡಹೆಸರು ತಾನಾಗಿ ಬಾಯಿಗೆ ಬಂತು.

"ಕೂರೋಕೆ ಬಂದಿಲ್ಲ. ನೀನು ವಾಪಸ್ ಬಂದಿದೀಯ ಅಂತ ಗೊತ್ತಿದ್ರೆ ಬರ್ತಾನೂ ಇರ್ಲಿಲ್ಲ." ಅವಳು ಕಂಪ್ಯೂಟರನ್ನು ಮೇಜಿನ ಮೇಲೆ ಕುಕ್ಕಿದಳು. "ನಿನ್ನೆ ಇದೇ ಅಂಗಡೀಲಿ ನಿಮ್ಮ ಚಿಕ್ಕಪ್ಪ ಮದರ್‌ಬೋರ್ಡ್ ಬದಲಾಯಿಸಿದ್ರು. ಆಗಿಂದ ಆನ್ ಮಾಡಿದ್ರೆ ನೀಲಿ ಪರದೆ, ಆಫ್, ಮತ್ತೆ ನೀಲಿ."

ಅವಳದು ಎಂಬ್ರಾಯ್ಡರಿ ಅಂಗಡಿ. ಹೊಲಿಗೆ ಮಿಷನ್ನಿಗೆ ಹೂವು ಬಳ್ಳಿ ಕಲಿಸುವ ಸಾಫ್ಟ್‌ವೇರ್ ಇದರೊಳಗಿತ್ತು. ಅದನ್ನು ಮಾಡಿದ ಕಂಪನಿಯೇ ಮುಚ್ಚಿಹೋಗಿದೆ. ಫಾರ್ಮ್ಯಾಟ್ ಮಾಡಿ ಎಲ್ಲ ಅಳಿಸಿದರೆ ಮತ್ತೆ ಹಾಕಲು ಸಾಧ್ಯವಿಲ್ಲ... ಅಂಗಡಿಯೂ ಅಲ್ಲಿಗೆ ಮುಗಿಯಿತು.

ಅವನು ಆನ್ ಮಾಡಿದ. ನೀಲಿ. ಡಿಸ್ಕ್ ಬಿಚ್ಚಿ ಹಾಕಿದ. ನೀಲಿ. ಅವಳು ಎದ್ದಳು, ಕೂತಳು, ದುಪಟ್ಟಾದ ಅಂಚಿನ ದಾರ ಎಳೆದಳು.

'ಈಗ ಹೇಳ್ತಾನೆ ನೋಡು... ಸ್ವಲ್ಪ ಕೆಟ್ರೆ ಸಾಕು, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡೋ ಬುದ್ಧಿ. ನನ್ನೂ ಹಾಗೇ ಅಳಿಸಿದ್ದಲ್ವಾ.'

"ಅವತ್ತು ಹೇಳ್ದೆ ಕೇಳ್ದೆ ಯಾಕೆ ಹೋದೆ?" ಕೇಳಬಾರದೆಂದುಕೊಂಡಿದ್ದು ಬಾಯಿಂದ ಬಿದ್ದೇಬಿಟ್ಟಿತು.

"ಮದುವೆ ಆಗೋಣ್ವಾ ಅಂದೆ ನಾನು. ಯೋಚನೆ ಮಾಡ್ತೀನಿ ಅಂದೆ ನೀನು. ಅದರರ್ಥ ಬೇಡ ಅಂತ ತಾನೆ?"

"ಯೋಚನೆ ಮಾಡ್ತೀನಿ ಅಂದ್ರೆ ಯೋಚನೆ ಮಾಡ್ತೀನಿ ಅಂತ, ಪೆದ್ದ."

ಅವನ ಬೆರಳು ಕೀಬೋರ್ಡ್ ಮೇಲೆ ನಿಂತಿತು. ಅವಳನ್ನೇ ನೋಡುತ್ತಿದ್ದವನಿಗೆ ತಟ್ಟನೆ ಏನೋ ನೆನಪಾಯಿತು. ಹೊಸ ಬೋರ್ಡಿನ ಸೆಟ್ಟಿಂಗ್ಸ್ ತೆರೆದು ಒಂದೇ ಒಂದು ಸಾಲು ಬದಲಿಸಿದ.

ಪರದೆ ಕಪ್ಪಾಯಿತು. ಅವಳು ಉಸಿರು ಬಿಗಿಹಿಡಿದಳು.

ನಿಧಾನವಾಗಿ... ಅವಳ ಅರ್ಧ ಬಿಡಿಸಿದ ಸಂಪಿಗೆ ಹೂವು ಪರದೆಯಲ್ಲಿ ಅರಳಿತು.

"ಇಷ್ಟೇನಾ?"

"ಇಷ್ಟೇ. ಹೊಸ ಬೋರ್ಡು ಡಿಸ್ಕನ್ನ ಹೊಸ ರೀತೀಲಿ ಮಾತಾಡಿಸ್ತಿತ್ತು. ನಿನ್ನ ಸಿಸ್ಟಂಗೆ ಗೊತ್ತಿರೋದು ಹಳೇದೊಂದೇ. ಇದನ್ನ ಜೋಡಿಸಿದ ದಿನ ನಾನೇ ತಪ್ಪಾಗಿ ಹಳೇ ಮೋಡ್‌ಗೆ ಹಾಕಿದ್ದೆ."

"ನೀನು, ತಪ್ಪು?"

"ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸ್ತಿದ್ದೆ ನೀನು. ಪರದೆ ಯಾರು ನೋಡ್ತಾರೆ?"

ಅವಳು ತಲೆ ತಗ್ಗಿಸಿದಳು. ದಾರ ಎಳೆಯುತ್ತಿದ್ದ ಬೆರಳು ಸುಮ್ಮನಾಯಿತು.

"ಆ ಯೋಚನೆ... ಎಲ್ಲಿಗೆ ಬಂತು?" ಅವನು ಕೇಳಿದ.

"ಮಾರನೇ ದಿನಾನೇ ಮುಗಿದಿತ್ತು. ಹೇಳೋಕೆ ಬಂದ್ರೆ ನೀನು ಊರಲ್ಲೇ ಇಲ್ಲ. ಫೋನೂ ಎತ್ಲಿಲ್ಲ. ನನ್ನ ನಂಬರನ್ನೂ ಅಳಿಸಿರ್ತೀಯ, ಗೊತ್ತು."

ಅವನು ಮೊಬೈಲ್ ತೆಗೆದು, ಎಲ್ಲೂ ಹುಡುಕದೆ, ಅಂಕಿಗಳನ್ನು ಒಂದೊಂದಾಗಿ ಒತ್ತಿದ.

ಅವಳ ಚೀಲದೊಳಗೆ ಫೋನ್ ಗುಂಯ್‌ಗುಟ್ಟಿತು.

ಎರಡಡಿ ದೂರದಲ್ಲಿ ನಿಂತವನನ್ನೇ ನೋಡುತ್ತ ಅವಳು ಅದನ್ನು ಕಿವಿಗಿಟ್ಟಳು.

"ಹಲೋ... ಮದುವೆ ಆಗೋಣ್ವಾ?"

"ಹೂಂ," ಎಂದಳು. "ಈ ಸಲ ಸೇವ್ ಮಾಡ್ಕೋ."