ಕ್ಯಾಲನೂರಿನ ರೋಮನ್ ಕಾಸು

ಶಾಮಲಮ್ಮ ಟೀಚರ್ ಬಿಡಿಸಿದ ಪ್ರಕರಣಗಳನ್ನು ಬರೆದಿಡುವವನು ನಾನೇ, ಅವರ ಹಳೆಯ ಶಿಷ್ಯ ಅಮರನಾಥ್. ಇದೊಂದನ್ನು ಬರೆಯಲು ಮಾತ್ರ ಎರಡು ವರ್ಷ ಕೈ ಬರಲಿಲ್ಲ. ಆವತ್ತು ನಾನು ಮಾಡಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ಬುಧವಾರ ಬೆಳಿಗ್ಗೆ ಕ್ಯಾಲನೂರಿನ ಕೋದಂಡರಾಮಪ್ಪನವರ ಮನೆಯಲ್ಲಿ ರೋಮನ್ ಕಾಲದ ಚಿನ್ನದ ನಾಣ್ಯವೊಂದು ಕಾಣೆಯಾಗಿತ್ತು. ಅವರು ನಿವೃತ್ತ ಹೆಡ್‌ಮಾಸ್ಟರು, ಮೂವತ್ತು ವರ್ಷ ಊರೂರು ಅಲೆದು ಹಳೆಯ ನಾಣ್ಯ ಕೂಡಿಸಿದವರು. ಒಂದೊಂದು ನಾಣ್ಯಕ್ಕೂ ಒಂದೊಂದು ಚೀಟಿ ಇಟ್ಟಿದ್ದರು: ಎಲ್ಲಿ ಸಿಕ್ಕಿತು, ಮೊದಲು ಯಾರ ಬಳಿ ಇತ್ತು ಎಂದು. ಗುರುವಾರ ರಂಜಿತ ಎಂಬ ಸಂಶೋಧಕಿ ಬಂದು, ಆ ಚೀಟಿಗಳ ಜಾಡು ಹಿಡಿದು ಹಿಂದಿನ ಒಡೆಯರನ್ನೆಲ್ಲ ವಿಚಾರಿಸುವವಳಿದ್ದಳು.

ನಾಣ್ಯಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಕೊಡಲು ಮಂಗಳವಾರವೇ ನಾನು ಹೋಗಿದ್ದೆ. ಆಗ ಕಸ ಗುಡಿಸುತ್ತಿದ್ದ ಮನೆಗೆಲಸದ ಆವಲಮ್ಮ ಈ ರೋಮನ್ ನಾಣ್ಯ ಕಂಡು ಪೊರಕೆ ಹಿಡಿದೇ ನಿಂತುಬಿಟ್ಟಿದ್ದಳು. ನಾಣ್ಯದ ಮೇಲೆ ರಾಜನ ಮುಖ, ಕೆನ್ನೆಗೆ ಉಳಿಯ ಗೀರು, ತಲೆಯ ಬಳಿ ದಾರ ಪೋಣಿಸುವ ತೂತು.

"ಇಂಥದ್ದೇ ಟೇಕಲ್‌ನಲ್ಲಿ ನಮ್ಮಜ್ಜಿ ಕತ್ತಲ್ಲಿತ್ತು ಸಾರ್. ಹಿಂಗೇ ಗೀರಿತ್ತು" ಎಂದಿದ್ದಳು.

ನನಗೆ ಅಷ್ಟೇ ಸಾಕಾಯಿತು. ಬುಧವಾರ ನಾಣ್ಯ ಇಲ್ಲವೆಂದೊಡನೆ ಆಕೆಯನ್ನು ಅಂಗಳದಲ್ಲಿ ನಿಲ್ಲಿಸಿ, ಬೀದಿಯವರೆಲ್ಲ ನೋಡುತ್ತಿದ್ದಂತೆ "ಕಳ್ಳಿ!" ಎಂದು ಕಿರುಚಿದೆ. ಸೆರಗು ಕೊಡವಿಸಿದೆ. ಎಲೆಅಡಿಕೆ ಚೀಲವನ್ನು ನೆಲಕ್ಕೆ ಸುರಿಸಿದೆ.

"ಅಯ್ಯೋ ದೇವುಡಾ! ನಾನು ಮುಟ್ಟಿಲ್ಲಪ್ಪಾ" ಎಂದು ಆಕೆ ಅತ್ತಳು.

ಕೋದಂಡರಾಮಪ್ಪ ಜಗಲಿಯ ಮೇಲೆ ತಲೆ ತಗ್ಗಿಸಿ ಕಾಫಿ ಕುಡಿಯುತ್ತಿದ್ದರು. ಲೋಟ ಹಿಡಿದ ಬೆರಳಿಗೆ ಅರಿಶಿನ ಅಂಟಿತ್ತು. "ಪೊಲೀಸ್ ಗಿಲೀಸ್ ಬೇಡ ಬಿಡಪ್ಪ" ಎಂದರು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ!

ನಾನು ಫೋನ್ ಮಾಡಿದ್ದರಿಂದ ಮಧ್ಯಾಹ್ನ ಟೀಚರ್ ಕೋಲಾರದಿಂದ ಬಸ್ಸಿನಲ್ಲಿ ಬಂದರು. ಅದೇ ಹೊತ್ತಿಗೆ ಕೋದಂಡರಾಮಪ್ಪನವರ ಹೆಂಡತಿ ರಮಾದೇವಿ, ನಾಲ್ಕು ದಿನ ಮುಳಬಾಗಿಲಿನ ತಂಗಿಯ ಮನೆಯಲ್ಲಿದ್ದು ವಾಪಸಾದರು. ಟೀಚರ್ ಪೆಟ್ಟಿಗೆ ನೋಡಿದರು. ತೂತಿಲ್ಲದ, ಇನ್ನೂ ದಪ್ಪದ ಚಿನ್ನದ ನಾಣ್ಯ ಪಕ್ಕದಲ್ಲೇ ಇತ್ತು. ಕಳೆದ ನಾಣ್ಯದ ಚೀಟಿಯೂ ಇರಲಿಲ್ಲ. ಆಮೇಲೆ ದೇವರ ಮನೆಯ ಹೊಸ್ತಿಲ ಹೊರಗೇ ನಿಂತು ಕಲಶವನ್ನು ನೋಡಿದರು. ಅದರ ವೀಳ್ಯದೆಲೆ ಹಚ್ಚಗಿತ್ತು.

"ಕಲಶ ಯಾವಾಗ ಇಟ್ಟಿದ್ದು ರಮಾದೇವಮ್ಮ?"

"ಹೋದ ಶುಕ್ರವಾರ. ನಾನಲ್ಲದೆ ಇನ್ಯಾರು ಮುಟ್ತಾರೆ?"

ಟೀಚರ್ ಎಲ್ಲರನ್ನೂ ನಡುಮನೆಗೆ ಕರೆದರು. ಆವಲಮ್ಮ ಬಾಗಿಲ ಬಳಿಯೇ ನಿಂತಳು.

"ಲೇ ಅಮರ, ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದೋನು ಕಣೋ ನೀನು. ಚಿನ್ನಕ್ಕೆ ಆಸೆಪಟ್ಟು ಕದಿಯೋರು ದಪ್ಪ ನಾಣ್ಯ ಬಿಟ್ಟು ತೂತಿಂದು ಯಾಕೆ ತಗೋತಾರೆ? ಅವರಿಗೆ ಚೀಟಿ ಯಾಕೆ ಬೇಕು? ಆ ಚೀಟಿಯಲ್ಲಿರೋ ಹೆಸರು ನಾಳೆ ರಂಜಿತ ಓದಬಾರದು ಅನ್ನೋರಿಗೆ ಮಾತ್ರ ಬೇಕು."

ಟೀಚರ್ ದೇವರ ಮನೆಯ ಕಡೆ ಕೈ ತೋರಿಸಿದರು.

"ಕಾಸು ಇದ್ದರೂ ಯಾರೂ ಯಾಕೆ ಅಂತ ಕೇಳದ ಜಾಗ ಕಲಶ. ಅದರ ನೀರಿಗೆ ಕಾಸು ಹಾಕೋದು ಪದ್ಧತಿ. ಶುಕ್ರವಾರದ ಎಲೆ ಇಷ್ಟೊತ್ತಿಗೆ ಬಾಡಿರಬೇಕಿತ್ತು, ಇದು ಇವತ್ತಿನದು; ಯಾರೋ ಕಲಶ ಬಿಚ್ಚಿ ಮತ್ತೆ ಇಟ್ಟಿದ್ದಾರೆ. ಆವಲಮ್ಮ ಆ ಹೊಸ್ತಿಲು ದಾಟೋ ಹಾಗಿಲ್ಲ. ರಮಾದೇವಮ್ಮ ಊರಲ್ಲಿರಲಿಲ್ಲ. ಇನ್ನು ಉಳಿದೋರು ಯಾರು? ಕಲಶ ಮುಟ್ಟಿದ ಕೈಗೆ ಅರಿಶಿನ ಅಂಟದೆ ಇರಲ್ಲ. ಅಮರ, ಬೆಳಿಗ್ಗೆ ಮೇಷ್ಟ್ರ ಕೈ ನೋಡಿದ್ಯೇನೋ?"

ಅರಿಶಿನ! ಕಣ್ಣಾರೆ ಕಂಡಿದ್ದೆ. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ರಮಾದೇವಿ ಕಲಶದ ತೆಂಗಿನಕಾಯಿ ತೆಗೆದು ನೀರಿಗೆ ಕೈ ಹಾಕಿದರು. ಗೀರಿದ ಕೆನ್ನೆಯ ರಾಜ ಮೇಲೆ ಬಂದ. ಕಲಶ ಇಟ್ಟಿದ್ದ ತಟ್ಟೆಯ ಅಡಿಯಲ್ಲಿ ಚೀಟಿಯೂ ಸಿಕ್ಕಿತು. ಚೀಟಿ ಹರಿದ ನಾಣ್ಯಕ್ಕೆ ಹುಟ್ಟೂರೇ ಇಲ್ಲದಂತಾಗುತ್ತದೆಂದು ಯಾವ ಸಂಗ್ರಾಹಕನೂ ಅದನ್ನು ಹರಿಯಲಾರ. ಇವರೂ ಹರಿದಿರಲಿಲ್ಲ. ಟೀಚರ್ ಓದಿದರು: "ಟೇಕಲ್, ಮುನಿಯಮ್ಮ. ಫೋಟೋ ತೆಗೆಸಿ ವಾಪಸ್ ಕೊಡಬೇಕು."

"ನಮ್ಮಜ್ಜಿ" ಎಂದಳು ಆವಲಮ್ಮ.

ಕೋದಂಡರಾಮಪ್ಪ ಕುಸಿದು ಕುಳಿತರು. "ತಿಂಗಳೊಳಗೆ ಅಜ್ಜಿ ತೀರಿಕೊಂಡ್ರು. ನನಗೆ ಕೊಟ್ಟಿದ್ದು ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಾಗಿಬಿಟ್ಟೆ. ನಿನ್ನೆ ಆವಲಮ್ಮ ಗುರುತು ಹಿಡಿದಾಗ ಜೀವ ಹೋದಂಗಾಯ್ತು. ಎಲ್ಲೋ ಕಳೆದುಹೋಯ್ತು ಅಂತ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಇವನು ಆಕೇನ ಹಿಡ್ಕೊಂಡ. ನಾನು ಬಾಯಿ ಬಿಡಲಿಲ್ಲ. ತಪ್ಪಾಯ್ತು ಕಣಮ್ಮ." ನಾಣ್ಯವನ್ನು ಆಕೆಯ ಮುಂದೆ ಹಿಡಿದರು.

ಆವಲಮ್ಮ ಕೈ ಚಾಚಲಿಲ್ಲ.

"ಈ ಕಾಸು ಕಳೆದಿದ್ದಕ್ಕೆ ನಮ್ಮವ್ವನ್ನ ಮನೆಯೋರೇ ಕಳ್ಳಿ ಅಂದ್ರು ಸಾರ್. ಸಾಯೋವರ್ಗೂ ಅಂದ್ರು. ಇವತ್ತು ನನ್ನೂ ಅಂದ್ರು. ಇಲ್ಲಿ ನಾಲ್ಕು ಗೋಡೆ ಮಧ್ಯೆ ತಪ್ಪಾಯ್ತು ಅಂದ್ರೆ ಯಾರಿಗೆ ಕೇಳ್ಸುತ್ತೆ? ನಾಳೆ ಬೆಳಿಗ್ಗೆ ಊರೆಲ್ಲ ಹಾಲು ಹಾಕೋ ಹೊತ್ತಲ್ಲಿ ಡೇರಿ ಹತ್ರ ಬಂದು ಹೇಳಿ. ಕಾಸು ಆಮೇಲೆ ತಗೋತೀನಿ."

ಮರುದಿನ ಆರು ಗಂಟೆಗೆ ಡೇರಿ ಮುಂದೆ ಕೋದಂಡರಾಮಪ್ಪ ಎಲ್ಲವನ್ನೂ ಒಪ್ಪಿಕೊಂಡರು. ಆಮೇಲೆ ನನ್ನ ಸರದಿ. "ಆವಲಮ್ಮ ಕದ್ದಿಲ್ಲ. ನಾನು ಸುಳ್ಳು ಹೊರಿಸಿದೆ" ಎಂದೆ. ನೆಲ ನೋಡುತ್ತ ಮೆಲ್ಲಗೆ ಹೇಳಿದ್ದೆ. ಸಾಲಿನ ಹಿಂದೆ ಯಾರೋ "ಏನಂತೆ?" ಎಂದರು.

ಆವಲಮ್ಮ ಹಾಲಿನ ಕ್ಯಾನು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಹಿಂದಿನೋರಿಗೆ ಕೇಳಿಸ್ಲಿಲ್ಲಪ್ಪ. ನಿನ್ನೆ ಕಿರುಚಿದಂಗೆ ಕಿರುಚು."

ಕಿರುಚಿದೆ.