ಹೊಸ್ತಿಲಾಚೆಯ ಎಡೆ

"ಅಲ್ಲಾಡಬ್ಯಾಡ್ರಿ..."

ಐಶ್ವರ್ಯಳ ಉಸಿರು ಸಿದ್ದುವಿನ ಕಿವಿಗೆ ತಾಗುತ್ತಿತ್ತು. ಅವಳ ಕೈಯಲ್ಲಿದ್ದ ಕ್ಯಾಲಿಪರಿನ ತಣ್ಣನೆಯ ತುದಿಗಳು ಅವನ ತಲೆಯನ್ನು ಎರಡೂ ಕಡೆಯಿಂದ ಹಿಡಿದಿದ್ದವು.

ದಾವಣಗೆರೆಯ ಕಾಲೇಜೊಂದರಲ್ಲಿ ಬಿ.ಎ. ಮಾನವಶಾಸ್ತ್ರದ ಮೊದಲ ಪ್ರಾಕ್ಟಿಕಲ್. ಒಬ್ಬರ ತಲೆಯನ್ನು ಇನ್ನೊಬ್ಬರು ಅಳೆಯಬೇಕು. ಆಮೇಲೆ ಮೇಜಿನ ಮೇಲಿರುವ ತಲೆಬುರುಡೆಯನ್ನು!

"ಎಷ್ಟು ಬಂತ್ರಿ ನನ್ನ ತಲೆ?" ಸಿದ್ದು ನಕ್ಕ.

ಅವನ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕುಳಿತಿತ್ತು. ಎಷ್ಟು ಚೆಂದದ ನಗು... ಅವಳ ಎದೆ ಸಣ್ಣಗೆ ಜಿಗಿಯಿತು.

ನಾಚಿ ಬುರುಡೆಯತ್ತ ತಿರುಗಿದಳು. ಅಲ್ಲೂ ಅದೇ ಹಲ್ಲು, ಹಾಗೆಯೇ ಹತ್ತಿ ಕುಳಿತಿತ್ತು!

"ಅಯ್ಯ, ಇವ್ರು ನಿಮ್ಮ ಚಿಕ್ಕಪ್ಪನೇ ಇರ್ಬೇಕು ನೋಡ್ರಿ!"

ಇಡೀ ತರಗತಿ ನಕ್ಕಿತು. ಸಿದ್ದು ನಗಲಿಲ್ಲ. ಅವನ ಮುಖ ಬಿಳುಚಿತ್ತು. "ಸರ್... ಇದು ಯಾರ್ದು?"

"ವಾರಸುದಾರರಿಲ್ಲದ್ದು. ನೀ ಅಳತೆ ಬರ್ಕೊ," ಎಂದರು ನಾಗರಾಜಪ್ಪ ಸರ್, ತಲೆಯೆತ್ತದೆ.

ವಿನೋಬನಗರದ ಕಿರಾಣಿ ವ್ಯಾಪಾರಿ ತೋಟಪ್ಪನ ಮಗಳು ಐಶ್ವರ್ಯ. ಅವಳ ಅಜ್ಜ ತೀರಿಕೊಂಡಾಗ ವಿಭೂತಿ ಹಚ್ಚಿ, ಹೂ ಮುಡಿಸಿ, ಕೂರಿಸಿಯೇ ಮಣ್ಣು ಮಾಡಿದ್ದರು. ಅಂಥ ಮನೆಯ ತಲೆ ಈ ಮೇಜಿಗೆ ಎಂದಾದರೂ ಬಂದಿದೆಯೇ? ಆ ಪ್ರಶ್ನೆ ಅಂದು ಅವಳಿಗೆ ಹೊಳೆಯಲೇ ಇಲ್ಲ.

ಅಂದಿನಿಂದ ಊಟದ ಬಿಡುವಿನಲ್ಲಿ ಸಿದ್ದು ಒಬ್ಬನೇ ಬುರುಡೆಯ ಮುಂದೆ ಕೂರತೊಡಗಿದ. ಕಿಟಕಿಯಿಂದ ಅವಳು ಕದ್ದು ನೋಡುತ್ತಿದ್ದಳು. ಅವನು ಏನೋ ಪಿಸುಗುಡುತ್ತಿದ್ದ... ಉತ್ತರ ಕೇಳಿಸಿದವನಂತೆ ತಲೆಯಾಡಿಸುತ್ತಿದ್ದ!

"ಮಾಟ ಕಣೇ! ಅಮಾಸೆ ಬೇರೆ ಹತ್ರ ಬಂತು," ಎಂದಳು ಗೆಳತಿ ಆಶಾ.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಬುರುಡೆ ಕಾಣೆಯಾಯಿತು. ಹೆದರಿದ ಐಶ್ವರ್ಯ ತಾನು ಕಂಡದ್ದನ್ನೆಲ್ಲ ಸರ್‌ಗೆ ಹೇಳಿಬಿಟ್ಟಳು.

"ಬುರುಡೆ ವಾಪಸ್ ಬರ್ಲಿಲ್ಲಾಂದ್ರೆ ಅವನ ಓದು ಮುಗೀತು!" ಎಂದು ಗುಡುಗಿದರು ಅವರು.

ತರಗತಿಯಲ್ಲಿ ಮೂಢನಂಬಿಕೆಯ ವಿರುದ್ಧ ಪುಟಗಟ್ಟಲೆ ಬರೆದ ಐಶ್ವರ್ಯ, ಒಬ್ಬನ ಸಂಕಟವನ್ನು ಮಾಟವೆಂದು ನಂಬಿದ್ದಳು. ರಾತ್ರಿಯಿಡೀ ಆ ಬಿಳುಚಿದ ಮುಖವೇ ಕಣ್ಣೆದುರು. 'ಕೇಳದೆ ಹೆಂಗೆ ಹೇಳ್ದೆ ನಾನು?'

ಮರುದಿನ ಹರಿಹರಕ್ಕೆ ಹೋಗಿ, ಅಲ್ಲಿಂದ ಸಿದ್ದುವಿನ ಊರು ಭಾನುವಳ್ಳಿಯ ಬಸ್ ಹತ್ತಿದಳು.

ಮೋಡ ಕವಿದ ಮಧ್ಯಾಹ್ನ. ಕಾಲುವೆಯ ನೀರು ಕಪ್ಪಗೆ ನಿಂತಿತ್ತು. ಒಂದು ನಾಯಿಯೂ ಬೊಗಳಲಿಲ್ಲ.

ಸಿದ್ದುವಿನ ಮನೆಯೊಳಗೆ ಹಿರಿಯರಿಗೆಂದು ಹೊಸ ಬಟ್ಟೆ, ಅದರ ಮುಂದೆ ಸಾಲಾಗಿ ಎಡೆ. ಒಂದೇ ಒಂದು ಎಲೆ ಮಾತ್ರ ಹೊಸ್ತಿಲಿನ ಆಚೆ! ಒಳಗೆ ಅವನ ಅಜ್ಜಿ ಕೊಟ್ರವ್ವನ ಮಡಿಲಲ್ಲಿ, ಬಿಳಿ ಬಟ್ಟೆಯ ಮೇಲೆ, ಆ ಬುರುಡೆ...

"ನೀವೇ ಹೇಳಿದ್ದಂತ ಸರ್ ಫೋನ್ ಮಾಡಿದ್ರು. ಪೊಲೀಸ್ನೋರನ್ನೂ ಕರ್ಕೊಂಡು ಬಂದೀರೇನ್ರಿ?" ಸಿದ್ದುವಿನ ದನಿ ಇರಿಯಿತು.

"ನಾನು... ಮಾಟ ಅನ್ಕೊಂಡೆ."

"ಮಾಟ!" ಅವನು ಕಹಿಯಾಗಿ ನಕ್ಕ. "ನಮ್ಮ ಚಿಕ್ಕಪ್ಪ ಮೈಲಾರಲಿಂಗಪ್ಪ ದಾವಣಗೆರೆಗೆ ಹಮಾಲಿಗೆ ಹೋದಾತ ವಾಪಸ್ ಬರ್ಲಿಲ್ಲ. ಹೆಣ ಸಿಗದೆ ಹಿರೇರ ಸಾಲಿನಾಗ ಎಡೆ ಇಡಂಗಿಲ್ಲ. ಬದುಕ್ಯಾನ ಅನ್ನಂಗೂ ಇಲ್ಲ. ಅದ್ಕೆ ಅಜ್ಜಿ ವರ್ಷಾ ವರ್ಷಾ ಹೊಸ್ತಿಲಾಚೆ ಎಡೆ ಇಡ್ತಾಳೆ. ಈ ಸಲನಾದ್ರೂ ಒಳಗ ಕರಿಯಾನ ಅಂತ ತಂದೆ..."

ಐಶ್ವರ್ಯ ಅಪ್ರಯತ್ನವಾಗಿ ಹೊರಗೆ ನೋಡಿದಳು. ಆ ಎಲೆಯ ಅನ್ನದಲ್ಲಿ ಬೆರಳೊತ್ತಿದ ಗುರುತು! ಈಗಷ್ಟೇ ದಾಟಿ ಬಂದಾಗ ಇರಲಿಲ್ಲವಲ್ಲ... ಕಾಗೆ ಸಹ ಸುಳಿದಿರಲಿಲ್ಲ.

ಕೊಟ್ರವ್ವನ ಬೆರಳು ಬುರುಡೆಯ ಹಣೆಯ ಮೇಲೆ ನಿಂತಿತು.

"ಹಲ್ಲು ಅವಂದಂಗೇ ಐತೆ. ಆದ್ರ ನನ್ ಮಗ ಸಣ್ಣಾವಿದ್ದಾಗ ಚಕ್ಕಡಿಯಿಂದ ಬಿದ್ದು ಹಣೆ ಒಳಗ ಹೋಗಿತ್ತು. ಇದು ನುಣ್ಣಗೈತೆ. ಈತ ನನ್ ಮಗ ಅಲ್ಲ, ಸಿದ್ದು."

ಸಿದ್ದು ಅಜ್ಜಿಯ ಮುಂದೆ ಕುಳಿತು ತಾನೂ ಆ ಹಣೆ ಮುಟ್ಟಿ ನೋಡಿದ. ಯಾರದೋ ಬುರುಡೆಗಾಗಿ ಓದನ್ನೇ ಪಣಕ್ಕಿಟ್ಟಿದ್ದ!

"ನಂಗೆ ಕೊಡ್ರಿ," ಐಶ್ವರ್ಯ ಕೈಚಾಚಿದಳು. "ಈಗ್ಲೇ ಒಯ್ದಿಟ್ರೆ ನಿಮ್ಮ ಓದು ಉಳೀತೈತೆ."

ಕೊಟ್ರವ್ವ ಕೊಟ್ಟಳು. "ಒಯ್ಯವ್ವ. ಈತನವ್ವನೂ ಎಲ್ಲೋ ಬಾಗ್ಲಾಗ ಕುಂತಿರ್ತಾಳ..."

ಐಶ್ವರ್ಯಳ ಅಂಗೈಯಲ್ಲಿ ಆ ಹಣೆ ಬೆಚ್ಚಗಿತ್ತು. ಜ್ವರ ಬಂದ ಮಗುವಿನ ಹಣೆಯಂತೆ! ಬಾಗಿಲವರೆಗೆ ಹೋದವಳು ನಿಂತಳು. ಫೋನ್ ತೆಗೆದಳು.

"ಸರ್, ಬುರುಡೆ ಮೇಜಿಗೆ ಬರಲ್ಲ. ನಾನೂ ಸಿದ್ದೂ ಸೇರಿ ಮಣ್ಣು ಮಾಡ್ತಿದೀವಿ."

"ತಲೆ ಕೆಟ್ಟೈತೇನಮ್ಮ? ನಿಮ್ಮಪ್ಪಗೆ ಏನ್ ಹೇಳ್ಲಿ?"

"ನಾನೇ ಹೇಳ್ತೀನಿ. ನಮ್ಮಜ್ಜಗೆ ಸಿಕ್ಕ ಮಣ್ಣು ಇವ್ರಿಗೆ ಯಾಕ ಸಿಗಂಗಿಲ್ಲ, ಸರ್? ಕೇಳೋರಿಲ್ಲದ ಬಡವರ ತಲೆ ಅಂತಾನಾ?"

ಅವಳು ಫೋನ್ ಇಟ್ಟಳು.

ಹೊಲದ ಬದುವಿನಲ್ಲಿ ಸಿದ್ದು ಅಗೆದ. ಅವಳು ಬುರುಡೆಯನ್ನಿಟ್ಟು ಮಣ್ಣು ತುಂಬಿದಳು. ಬೆನ್ನ ಹಿಂದೆ ಯಾರೋ ನಿಟ್ಟುಸಿರು ಬಿಟ್ಟಂತಾಯಿತು... ಇಬ್ಬರೂ ತಿರುಗಿದರು. ಬರೀ ಹೊಲ.

"ಕಾಲೇಜಿಂದ ಹೊರಗ ಹಾಕಿದ್ರೆ ಏನ್ ಮಾಡ್ತೀರಿ?" ಸಿದ್ದು ಕೇಳಿದ.

"ಗೇಟಿನ ಮುಂದೆ ಧರಣಿ ಕೂಡ್ತೀನಿ. ನೀನೂ ಪಕ್ಕದಾಗ ಕೂಡ್ಬೇಕು."

'ನೀನು' ಎಂದದ್ದು ಇಬ್ಬರಿಗೂ ಕೇಳಿಸಿತು.

"ಎಲ್ಲಿತನಕ?"

"ಅವರು ನಮ್ಮನ್ನ ಒಳಗ ಬಿಡೋತನಕ."

"ಬಿಟ್ಟ ಮ್ಯಾಲೆ?"

ಅವಳು ಅವನ ಮಣ್ಣುಗೈಯನ್ನು ಬಿಗಿಯಾಗಿ ಹಿಡಿದಳು.

"ಆಮೇಲೂ ನನ್ನ ಪಕ್ಕದಿಂದ ಎದ್ದು ಹೋಗ್ಬ್ಯಾಡ, ಸಿದ್ದು."